ಮೂವರ ನಡುವೆ ಬಿದ್ದ ಚೆಂಡು

ಆಟದ ಲೆಕ್ಕವನ್ನು ಬರೆದಿಡುವವರು ಗೆದ್ದವರ ಹೆಸರನ್ನು ಮೊದಲು ಬರೆಯುತ್ತಾರೆ. ಅದು ಸಹಜವೇ. ಆದರೆ ಮನುಷ್ಯನ ನೆನಪು ಈ ಲೆಕ್ಕದ ಪುಸ್ತಕವನ್ನು ಚಾಚೂ ತಪ್ಪದೆ ಅನುಸರಿಸುತ್ತದೆಂದು ಹೇಳಲಾಗದು. ಜಗುಲಿಯ ಮೇಲೆ ಕುಳಿತು ಹಳೆಯ ಪಂದ್ಯಗಳನ್ನು ಮೆಲುಕು ಹಾಕುವ ಹಿರಿಯರ ಮಾತಿಗೆ ನೀವು ಕಿವಿಗೊಟ್ಟಿರಬಹುದು. ಸುಲಭವಾಗಿ ಗೆದ್ದ ಕಬಡ್ಡಿ ಪಂದ್ಯದ ಕಥೆ ಎರಡು ಮಾತಿನಲ್ಲಿ ಮುಗಿದುಹೋಗುತ್ತದೆ. ಗೆಲುವು ಕೈಗೆಟುಕಿ ಜಾರಿಹೋದ ಪಂದ್ಯದ ಕಥೆಗೆ ಒಂದು ಸಂಜೆ ಸಾಲದು. ಯಾರು ಎಲ್ಲಿ ನಿಂತಿದ್ದರು, ಯಾರು ಒಂದು ಹೆಜ್ಜೆ ತಡಮಾಡಿದರು ಎಂಬುದೆಲ್ಲ ನಿನ್ನೆ ನಡೆದಂತೆ ಅವರ ಕಣ್ಣೆದುರಿಗೆ ನಿಲ್ಲುತ್ತದೆ.

ಇಂಥ ನೆನಪುಗಳ ಒಂದು ಭಂಡಾರವೇ ನನ್ನ ಕಿವಿಗೆ ಬಿದ್ದದ್ದು ನಮ್ಮ ನಾಡಿನಿಂದ ಬಹು ದೂರದಲ್ಲಿ, ಅಮೆರಿಕದ ದಕ್ಷಿಣ ಭಾಗದಲ್ಲಿರುವ ಆರ್ಕನ್ಸಾ ರಾಜ್ಯದಲ್ಲಿ. ಆ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೊಂದು ಸಕಾರವನ್ನು ಸೇರಿಸುತ್ತಾರೆ. ಓದುವಾಗ ಅದನ್ನು ನುಂಗಿಬಿಡುತ್ತಾರೆ. ನುಡಿದಂತೆ ಬರೆಯುವ, ಬರೆದಂತೆ ಓದುವ ಕನ್ನಡವನ್ನು ಜೀವಮಾನವೆಲ್ಲ ಪಾಠ ಹೇಳಿದ ನನಗೆ ಇದು ವಿನೋದವಾಗಿಯೇ ಕಂಡಿತು. 2025ರ ಬೇಸಗೆಯಲ್ಲಿ ನಾನು ಅಲ್ಲಿನ ಬೆಂಟನ್‌ವಿಲ್ ಎಂಬ ಊರಿನಲ್ಲಿ ಮಗಳ ಮನೆಯಲ್ಲಿದ್ದೆ. ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ದೂರ ಹೋದರೆ ಫೆಯೆಟ್‌ವಿಲ್ ಎಂಬ ಊರು. ಅಲ್ಲಿಯೇ ಆರ್ಕನ್ಸಾ ವಿಶ್ವವಿದ್ಯಾನಿಲಯ. ಈ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ಬೇಸ್‌ಬಾಲ್ ತಂಡವೇ ಈ ಪ್ರಬಂಧದ ವಸ್ತು.

ಆ ತಂಡದ ಹೆಸರು ರೇಜರ್‌ಬ್ಯಾಕ್ಸ್. ಬೆನ್ನಿನ ಮೇಲೆ ಒರಟು ಕೂದಲು ಸೆಟೆದು ನಿಂತಿರುವ ಕಾಡುಹಂದಿಗೆ ಅಲ್ಲಿನ ಜನ ಇಟ್ಟ ಹೆಸರು ಅದು. ಹುಲಿ ಸಿಂಹಗಳ ಹೆಸರನ್ನು ಇಟ್ಟುಕೊಳ್ಳುವವರು ಲೋಕದಲ್ಲಿ ಬಹಳ ಮಂದಿ. ಹಂದಿಯ ಹೆಸರನ್ನು ಹೆಮ್ಮೆಯಿಂದ ಹೊತ್ತು ನಡೆಯುವವರು ವಿರಳ. ಹೊಲದಲ್ಲಿ ಚದುರಿದ ಹಂದಿಗಳನ್ನು ರೈತರು ಕೂಗಿ ಕರೆಯುವ ಧ್ವನಿಯನ್ನೇ ಆಟದ ಮೈದಾನದಲ್ಲಿ ಸಹಸ್ರಾರು ಜನ ಒಟ್ಟಾಗಿ ಮೊಳಗಿಸುತ್ತಾರೆ. 'ಊ...' ಎಂದು ಮೆಲ್ಲಗೆ ಆರಂಭವಾಗುವ ಆ ಕೂಗು, ಕೈಗಳು ಮೇಲೇರಿದಂತೆ ತಾನೂ ಏರುತ್ತಾ ಹೋಗಿ, 'ಪಿಗ್ ಸೂಯಿ' ಎಂದು ಸಿಡಿಯುತ್ತದೆ. ಸಂಜೆ ದನಗಳನ್ನು ಹಟ್ಟಿಗೆ ಕರೆಯುವ ನಮ್ಮ ಹಳ್ಳಿಗರ ಧ್ವನಿಯನ್ನು ಕೇಳಿದವರಿಗೆ ಇದು ತೀರ ಅಪರಿಚಿತವಾಗಿ ತೋರದು. ವೃತ್ತಿಪರ ಆಟಗಾರರ ದೊಡ್ಡ ತಂಡಗಳು ಯಾವುವೂ ಆ ರಾಜ್ಯದಲ್ಲಿ ಇಲ್ಲ. ಆದ್ದರಿಂದ ಈ ವಿದ್ಯಾರ್ಥಿಗಳ ತಂಡವೇ ಇಡೀ ರಾಜ್ಯದ ತಂಡ. ಅವರ ಸೋಲುಗೆಲುವುಗಳೇ ಮನೆಮನೆಯ ಮಾತು.

ಬೇಸ್‌ಬಾಲ್ ನಮ್ಮಲ್ಲಿ ಬಳಕೆಯಲ್ಲಿರುವ ಆಟವಲ್ಲ. ಆದರೆ ಕ್ರಿಕೆಟ್ ಬಲ್ಲವರಿಗೆ ಅದನ್ನು ತಿಳಿಯುವುದು ಕಷ್ಟವೇನೂ ಅಲ್ಲ. ಒಂದೊಂದು ಪಕ್ಷದಲ್ಲಿ 9 ಮಂದಿ. ಚೌಕಾಕಾರದ ಅಂಗಳದ ನಾಲ್ಕು ಮೂಲೆಗಳಲ್ಲಿ ನಾಲ್ಕು ನೆಲೆಗಳು. ಒಂದರಿಂದ ಇನ್ನೊಂದಕ್ಕೆ 90 ಅಡಿ. ಚೆಂಡನ್ನು ಎಸೆಯುವವನಿಗೆ ಪಿಚರ್ ಎಂದು ಹೆಸರು. ಅವನು ಅರುವತ್ತು ಅಡಿಗೆ ಅರ್ಧ ಅಡಿ ಹೆಚ್ಚಿನ ದೂರದಿಂದ ಚೆಂಡನ್ನು ನೆಲಕ್ಕೆ ತಾಗಿಸದೆ ಬೀಸಿ ಎಸೆಯುತ್ತಾನೆ. ದಾಂಡಿಗ ಅದನ್ನು ಹೊಡೆದು ನೆಲೆಯಿಂದ ನೆಲೆಗೆ ಓಡಬೇಕು. ನಾಲ್ಕನ್ನೂ ಸುತ್ತಿ ಮನೆ ಸೇರಿದರೆ ಒಂದು ಓಟ. ನಮ್ಮ ಸಿಕ್ಸರಿನಂತೆ ಬೇಲಿಯಾಚೆಗೆ ಹೊಡೆದರೆ ಅದು ಹೋಂ ರನ್. ಆಗ ದಾಂಡಿಗನೂ ನೆಲೆಗಳ ಮೇಲೆ ನಿಂತಿರುವ ಅವನ ಸಂಗಡಿಗರೂ ನಿಶ್ಚಿಂತೆಯಿಂದ ಸುತ್ತಿ ಬರುತ್ತಾರೆ. ಸರಿಯಾದ ಎಸೆತಗಳಲ್ಲಿ ಮೂರು ಅವನ ದಾಂಡನ್ನು ವಂಚಿಸಿದರೆ ಅವನು ಔಟು. ಗೆರೆಯ ಹೊರಗೆ ಹೋದ ಹೊಡೆತಕ್ಕೆ ಓಟವಿಲ್ಲ; ಆದರೆ ಅಂಥ ಚೆಂಡನ್ನೂ ನೆಲ ಮುಟ್ಟುವ ಮೊದಲು ಹಿಡಿದರೆ ದಾಂಡಿಗ ಔಟಾಗುತ್ತಾನೆ. ಈ ಕೊನೆಯ ನಿಯಮವನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಬರುವ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ.

ಮೂವರು ಔಟಾದರೆ ಒಂದು ಪಕ್ಷದ ಸರದಿ ಮುಗಿಯಿತು. ಹೀಗೆ ಒಂಬತ್ತು ಸರದಿ. ಎಂದರೆ 27 ಔಟುಗಳು. ಫುಟ್‌ಬಾಲ್, ಹಾಕಿ ಮೊದಲಾದ ಆಟಗಳಲ್ಲಿ ಮುಂದಿರುವ ತಂಡ ಹೇಗೋ ಕಾಲ ತಳ್ಳಿ ಗೆಲ್ಲಬಹುದು. ಗಡಿಯಾರ ಅದರ ನೆರವಿಗೆ ಬರುತ್ತದೆ. ಬೇಸ್‌ಬಾಲಿನಲ್ಲಿ ಪಂದ್ಯವನ್ನು ಮುಗಿಸುವುದು ಗಡಿಯಾರವಲ್ಲ. ಸಮವಾದರೆ ಒಬ್ಬರು ಗೆಲ್ಲುವವರೆಗೂ ಸರದಿಗಳು ಬೆಳೆಯುತ್ತಲೇ ಹೋಗುತ್ತವೆ. 2009ರ ಮೇ 30ರಂದು ಟೆಕ್ಸಸ್ ಮತ್ತು ಬಾಸ್ಟನ್ ಕಾಲೇಜು ತಂಡಗಳ ನಡುವೆ ನಡೆದ ಪಂದ್ಯ 25 ಸರದಿಗಳವರೆಗೆ, ಏಳು ಗಂಟೆಗೂ ಮೀರಿ ನಡೆದು, ಟೆಕ್ಸಸ್ 3-2ರಿಂದ ಗೆದ್ದಿತು. ಆದ್ದರಿಂದ ಎಷ್ಟೇ ಮುಂದಿದ್ದರೂ ಕೊನೆಯ ಔಟನ್ನು ತಂಡವೇ ದುಡಿದು ಸಂಪಾದಿಸಬೇಕು. ಅದನ್ನು ಯಾರೂ ದಾನವಾಗಿ ಕೊಡುವುದಿಲ್ಲ.

ಅಮೆರಿಕದ ಕಾಲೇಜು ತಂಡಗಳ ದೊಡ್ಡ ಪಂದ್ಯಾವಳಿಗೆ ಕಾಲೇಜ್ ವರ್ಲ್ಡ್ ಸೀರೀಸ್ ಎಂದು ಹೆಸರು. 1947ರಲ್ಲಿ ಅದು ಮೊದಲಾಯಿತು. 1950ರಿಂದ ನೆಬ್ರಾಸ್ಕ ರಾಜ್ಯದ ಒಮಾಹ ನಗರವೇ ಅದರ ತಾಣ. 64 ತಂಡಗಳು ಸ್ಪರ್ಧೆಗೆ ಇಳಿದು, ಜರಡಿಯಲ್ಲಿ ಸೋಸಿದಂತೆ ಕಡೆಗೆ 8 ತಂಡಗಳು ಒಮಾಹವನ್ನು ಸೇರುತ್ತವೆ. ಅಲ್ಲಿ ಎರಡು ಬಾರಿ ಸೋತವರು ಮನೆಗೆ ಹೊರಡಬೇಕು. ಉಳಿದ ಇಬ್ಬರ ನಡುವೆ ಮೂರು ಪಂದ್ಯಗಳ ಅಂತಿಮ ಸ್ಪರ್ಧೆ. ಎರಡನ್ನು ಗೆದ್ದವರು ರಾಷ್ಟ್ರದ ವಿಜೇತರು. ಆರ್ಕನ್ಸಾ ತಂಡ 1979ರಲ್ಲಿ ಒಮ್ಮೆ ಕೊನೆಯ ಪಂದ್ಯದವರೆಗೆ ಬಂದು 2-1ರಿಂದ ಸೋತಿತ್ತು. ಮತ್ತೆ ಆ ಹೊಸ್ತಿಲಿಗೆ ಬರಲು ಅದಕ್ಕೆ 39 ವರ್ಷಗಳು ಬೇಕಾದವು.

2018ರ ಜೂನ್ ತಿಂಗಳು. ಎದುರಾಳಿ ಪಶ್ಚಿಮ ಕರಾವಳಿಯ ಆರೆಗನ್ ಸ್ಟೇಟ್ ತಂಡ. ಅಂತಿಮ ಸ್ಪರ್ಧೆಯ ಮೊದಲನೆಯ ಪಂದ್ಯವನ್ನು ಆರ್ಕನ್ಸಾ 4-1ರಿಂದ ಗೆದ್ದಿತು. ಮರುದಿನ, ಜೂನ್ 27ರಂದು, ಎರಡನೆಯ ಪಂದ್ಯ. ಒಂಬತ್ತನೆಯ ಸರದಿ ಬಂದಾಗ ಆರ್ಕನ್ಸಾ 3, ಆರೆಗನ್ 2. ಆರೆಗನ್ ಪಕ್ಷದ ಇಬ್ಬರು ಆಗಲೇ ಔಟಾಗಿದ್ದರು. ಒಬ್ಬ ಓಟಗಾರ ಮಾತ್ರ ಮೂರನೆಯ ನೆಲೆಯಲ್ಲಿ ಕಾದು ನಿಂತಿದ್ದ. ಇನ್ನೊಂದೇ ಒಂದು ಔಟು ದೊರೆತರೆ ಆ ತಂಡದ ಇತಿಹಾಸದಲ್ಲಿಯೇ ಮೊದಲ ರಾಷ್ಟ್ರದ ಕಿರೀಟ.

ಕೇಡಿನ್ ಗ್ರೆನಿಯರ್ ಎಂಬ ದಾಂಡಿಗನ ಹೊಡೆತ ಗೆರೆಯ ಹೊರಗೆ, ಮೊದಲ ನೆಲೆಯ ಪಕ್ಕಕ್ಕೆ, ನೇರವಾಗಿ ಆಕಾಶಕ್ಕೆ ಚಿಮ್ಮಿತು. ಮೂವರು ರಕ್ಷಕರು ಮೂರು ದಿಕ್ಕಿನಿಂದ ಓಡಿ ಬಂದರು. ಮೂವರ ಕಣ್ಣೂ ಮೇಲಕ್ಕೆ. ಚೆಂಡು ಇಳಿಯಿತು, ಮೂವರ ನಡುವೆ, ಯಾರ ಕೈಗೂ ಸಿಗದೆ ನೆಲಕ್ಕೆ ಬಿತ್ತು.

'ಹತ್ತು ಮಂದಿ ಸೇರಿದಲ್ಲಿ ಹಾವು ಸಾಯುವುದಿಲ್ಲ' ಎಂದು ನಮ್ಮ ಹಿರಿಯರು ಹೇಳುತ್ತಾರೆ. ಒಬ್ಬನೇ ಇದ್ದಿದ್ದರೆ ಆ ಚೆಂಡನ್ನು ಹಿಡಿದೇ ಹಿಡಿಯುತ್ತಿದ್ದ. ಮೂವರಿದ್ದುದರಿಂದಲೇ ಅದು ಯಾರದೂ ಆಗದೆ ಹೋಯಿತು. ಬದುಕಿಕೊಂಡ ದಾಂಡಿಗನ ಪಾಲಿಗೆ ನಮ್ಮ ಇನ್ನೊಂದು ಗಾದೆ ಸಲ್ಲುತ್ತದೆ: ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು. ಗ್ರೆನಿಯರ್ ಅನಂತರ ಚೆಂಡನ್ನು ಎಡಗಡೆಗೆ ಹೊಡೆದು ಮೊದಲ ನೆಲೆಯನ್ನು ಸೇರಿದ. ಮೂರನೆಯ ನೆಲೆಯಲ್ಲಿದ್ದವನು ಮನೆ ಮುಟ್ಟಿದ. ಪಂದ್ಯ 3-3ಕ್ಕೆ ಸಮವಾಯಿತು. ಅನಂತರ ಬಂದ ಟ್ರೆವರ್ ಲಾರ್ನಕ್ ಚೆಂಡನ್ನು ಬಲಗಡೆಯ ಬೇಲಿಯಾಚೆಗೆ ಅಟ್ಟಿದ. ಆರೆಗನ್ 5, ಆರ್ಕನ್ಸಾ 3. ಮರುದಿನದ ಮೂರನೆಯ ಪಂದ್ಯದಲ್ಲಿ ಕೆವಿನ್ ಏಬಲ್ ಎಂಬ ಮೊದಲ ವರ್ಷದ ವಿದ್ಯಾರ್ಥಿ ಇಡೀ ಪಂದ್ಯವನ್ನು ತಾನೊಬ್ಬನೇ ಎಸೆದು, ಎದುರಾಳಿಗಳಿಗೆ ಒಂದು ಓಟವನ್ನೂ ಕೊಡಲಿಲ್ಲ. 5-0ರಿಂದ ಗೆದ್ದ ಆರೆಗನ್ ಕಿರೀಟವನ್ನು ಹೊತ್ತು ಹೋಯಿತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಆರ್ಕನ್ಸಾದ ಜನ ಮರುಗಿದ್ದರಲ್ಲಿ ಆಶ್ಚರ್ಯವಿಲ್ಲ. ಏಳು ವರ್ಷಗಳ ಮೇಲೂ ಆ ಚೆಂಡಿನ ಮಾತು ಎತ್ತಿದರೆ ಅಲ್ಲಿನವರು ಒಂದು ಕ್ಷಣ ಮೌನವಾಗುವುದನ್ನು ನಾನು ಕಂಡಿದ್ದೇನೆ. ಆ ಮೂವರ ಹೆಸರುಗಳು ದಾಖಲೆಯಲ್ಲಿ ಇವೆ. ನಾನು ಅವನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಕರುಣೆಯೊಂದೇ ಕಾರಣವಲ್ಲ, ನ್ಯಾಯವೂ ಕಾರಣ.

ಆ ಗಳಿಗೆಯನ್ನು ಸಾವಧಾನವಾಗಿ ಬಿಡಿಸಿ ನೋಡಿ. ಚೆಂಡು ಬಿದ್ದದ್ದು ಗೆರೆಯ ಹೊರಗೆ. ಆದ್ದರಿಂದ ಅದರಿಂದ ಎದುರಾಳಿಗೆ ಒಂದು ಓಟವೂ ದೊರೆಯಲಿಲ್ಲ. ಚೆಂಡು ಬಿದ್ದ ಮೇಲೂ ಆರ್ಕನ್ಸಾ ಒಂದು ಓಟ ಮುಂದೆಯೇ ಇತ್ತು. ಇಬ್ಬರು ಔಟಾದವರು ಔಟಾಗಿಯೇ ಇದ್ದರು. ಬೇಕಾಗಿದ್ದ ಔಟು ಮೊದಲೂ ಒಂದೇ, ಆಮೇಲೂ ಒಂದೇ. ಅನಂತರ ಒಂದು ಒಳ್ಳೆಯ ಹೊಡೆತ, ಅದರ ಬೆನ್ನಿಗೆ ಇನ್ನೂ ಒಳ್ಳೆಯದೊಂದು ಹೊಡೆತ, ಅದರ ಮರುದಿನ ಒಬ್ಬ ಹುಡುಗನ ಅಸಾಧಾರಣ ಎಸೆಗಾರಿಕೆ, ಇಷ್ಟೂ ಕೂಡಿದಾಗಲೇ ಕಿರೀಟ ಕೈತಪ್ಪಿದ್ದು. ಆದರೆ ಜನರ ನೆನಪು ಇಷ್ಟು ಉದ್ದದ ಸರಪಳಿಯನ್ನು ಹೊತ್ತು ತಿರುಗಲು ಒಪ್ಪುವುದಿಲ್ಲ. ಎಲ್ಲ ಭಾರವನ್ನೂ ಕಣ್ಣಿಗೆ ಕಂಡ ಒಂದೇ ಕೊಂಡಿಗೆ ನೇತುಹಾಕಿಬಿಡುತ್ತದೆ. ಸೋಲಿಗೆ ಒಬ್ಬ ಅಪರಾಧಿ ದೊರೆತರೆ ನಮಗೆಲ್ಲ ಸಮಾಧಾನ. ಆ ಸಮಾಧಾನದ ಬೆಲೆಯನ್ನು ತೆರಬೇಕಾದವರು ಮಾತ್ರ ಇಪ್ಪತ್ತರ ಆಸುಪಾಸಿನ ಹುಡುಗರು. ಎದುರಾಳಿಗಳ ಸಾಹಸಕ್ಕೂ ಇದರಿಂದ ಅನ್ಯಾಯವಾಗುತ್ತದೆ. ದೊರೆತ ಮರುಜೀವವನ್ನು ವ್ಯರ್ಥ ಮಾಡದೆ ದುಡಿಸಿಕೊಂಡವನ ಧೈರ್ಯವನ್ನು ಅದೃಷ್ಟವೆಂದು ತಳ್ಳಿಹಾಕುವುದು ಉಚಿತವಲ್ಲ.

ಮರುವರ್ಷ, 2019ರಲ್ಲಿ, ಆರ್ಕನ್ಸಾ ತಂಡ ಮತ್ತೆ ಒಮಾಹಕ್ಕೆ ಬಂದಿತು. ಗೆದ್ದು ಹೋಗಲಿಲ್ಲ, ಆದರೆ ಬಂದಿತು. ಅಷ್ಟು ದೊಡ್ಡ ಪೆಟ್ಟು ತಿಂದವರು ಅಲ್ಲಿಯೇ ಕುಸಿದು ಕೂರಲಿಲ್ಲ ಎಂಬುದೇ ನನಗೆ ಗಣನೀಯವಾಗಿ ಕಾಣುತ್ತದೆ.

2021ರಲ್ಲಿ ಈ ತಂಡ ದೇಶದ ಅಗ್ರಸ್ಥಾನದಲ್ಲಿತ್ತು. ಒಮಾಹಕ್ಕೆ ಹೋಗಲು ತನ್ನ ಊರಿನ ಮೈದಾನದಲ್ಲಿಯೇ ನಾರ್ತ್ ಕೆರೊಲಿನ ಸ್ಟೇಟ್ ತಂಡದೊಡನೆ ಮೂರು ಪಂದ್ಯಗಳಲ್ಲಿ ಎರಡನ್ನು ಗೆಲ್ಲಬೇಕಾಗಿತ್ತು. ಮೊದಲನೆಯ ದಿನ ಆರ್ಕನ್ಸಾ 21, ಎದುರಾಳಿ 2. ಇನ್ನೇನು ಎಂದು ಜನ ಒಮಾಹದ ಪ್ರಯಾಣಕ್ಕೆ ಸಿದ್ಧರಾಗಿರಬೇಕು. ಎರಡನೆಯ ದಿನ ಎದುರಾಳಿಗಳು 6-5ರಿಂದ ಗೆದ್ದರು. ನೋಡಿ, ಎಷ್ಟು ನಿಷ್ಠುರವಾದ ಲೆಕ್ಕ! ನಿನ್ನೆಯ ಇಪ್ಪತ್ತೊಂದು ಓಟಗಳಲ್ಲಿ ಎರಡನ್ನು ಇಂದಿಗೆ ಸಾಲವಾಗಿ ತರುವಂತಿಲ್ಲ. ಪ್ರತಿ ಪಂದ್ಯವೂ ಸೊನ್ನೆಯಿಂದಲೇ ಆರಂಭವಾಗುತ್ತದೆ.

ಮೂರನೆಯ ದಿನ ಚೆಂಡನ್ನು ಕೆವಿನ್ ಕಾಪ್ಸ್ ಎಂಬಾತನ ಕೈಗೆ ಕೊಟ್ಟರು. ಅವನು ಆ ವರ್ಷವೆಲ್ಲ ಪಂದ್ಯದ ಕೊನೆಕೊನೆಗೆ ಬಂದು ಗೆಲುವನ್ನು ಕಾಪಾಡುತ್ತಿದ್ದ ಪಿಚರ್. ಅಂದು ಆರಂಭದಿಂದಲೇ ಎಸೆಯತೊಡಗಿ, ಎಂಟು ಸರದಿಗಳನ್ನು ಹೊತ್ತು ನಡೆಸಿದ. ಒಂಬತ್ತನೆಯ ಸರದಿಯಲ್ಲಿ, 2-2ರ ಸಮಸ್ಥಿತಿಯಲ್ಲಿ, ಅವನ ಒಂದು ಎಸೆತ ಬೇಲಿಯಾಚೆಗೆ ಹೋಯಿತು. ಆರ್ಕನ್ಸಾ 3-2ರಿಂದ ಸೋತಿತು. ದೇಶದ ಅತ್ಯುತ್ತಮ ಹವ್ಯಾಸಿ ಬೇಸ್‌ಬಾಲ್ ಆಟಗಾರನಿಗೆ ಕೊಡುವ ಗೋಲ್ಡನ್ ಸ್ಪೈಕ್ಸ್ ಪ್ರಶಸ್ತಿ ಆ ವರ್ಷ ಕಾಪ್ಸನಿಗೇ ಸಂದಿತು. ಅವನು ಮೈದಾನದಿಂದ ಹೊರಬಂದಾಗ ಊರ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. 2018ರ ಸೋಲು ಜನರಿಗೆ ಏನನ್ನಾದರೂ ಕಲಿಸಿದ್ದರೆ ಅದು ಈ ಚಪ್ಪಾಳೆಯೇ ಇರಬೇಕೆಂದು ನನಗೆ ತೋರುತ್ತದೆ. ಕೊನೆಯ ಎಸೆತವೊಂದನ್ನೇ ಹಿಡಿದು ಅವರು ಆ ಹುಡುಗನನ್ನು ಅಳೆಯಲಿಲ್ಲ.

ಇನ್ನು ನಾನೇ ದೂರದರ್ಶನದಲ್ಲಿ ನೋಡಿದ ಎರಡು ಪಂದ್ಯಗಳು. ನಿಯಮಗಳನ್ನು ವಿವರಿಸುವ ಹೊಣೆಯನ್ನು ನನ್ನ ಮೊಮ್ಮಗ ಹೊತ್ತಿದ್ದ. ನಲವತ್ತು ಮಕ್ಕಳಿಗೆ ಸಂಧಿ ಸಮಾಸಗಳನ್ನು ಒಟ್ಟಿಗೆ ಕಲಿಸುತ್ತಿದ್ದ ನನಗೆ, ಒಬ್ಬನೇ ಶಿಷ್ಯನಿರುವ ಆ ಗುರುವಿನ ತಾಳ್ಮೆ ಮೆಚ್ಚುಗೆಯಾಯಿತು.

2025ರ ಜೂನ್ 16. ಒಮಾಹದಲ್ಲಿ ಆರ್ಕನ್ಸಾ ಮೊದಲ ಪಂದ್ಯವನ್ನು ಲೂಸಿಯಾನ ಸ್ಟೇಟ್ ತಂಡಕ್ಕೆ 4-1ರಿಂದ ಸೋತಿತ್ತು. ಇಂದು ಎದುರಾಳಿ ಕೆಂಟಕಿ ರಾಜ್ಯದ ಮರೀ ಸ್ಟೇಟ್. ಮೊಟ್ಟಮೊದಲ ಬಾರಿಗೆ ಒಮಾಹವನ್ನು ಕಂಡ ಚಿಕ್ಕ ತಂಡ. ಸೋತವರು ಮನೆಗೆ. ಆರ್ಕನ್ಸಾದ ಪಿಚರ್ ಗೇಜ್ ವುಡ್ ಅದೇ ರಾಜ್ಯದ ಬೇಟ್ಸ್‌ವಿಲ್ ಎಂಬ ಊರಿನ ಹುಡುಗ. ಭುಜದ ನೋವಿನಿಂದ ಆ ವರ್ಷ ಹಲವು ವಾರ ಆಟದಿಂದಲೇ ಹೊರಗುಳಿದಿದ್ದವನು. ಒಂದು, ಎರಡು, ಮೂರು ಎಂದು ಸರದಿಗಳು ಕಳೆದವು. ಎದುರಾಳಿಗಳಲ್ಲಿ ಒಬ್ಬನೂ ಮೊದಲ ನೆಲೆಯನ್ನು ಮುಟ್ಟಲಿಲ್ಲ. ಏಳು ಸರದಿ ಮುಗಿದರೂ ಅದೇ ಕಥೆ. ಹೀಗೆಯೇ 27 ಮಂದಿಯನ್ನೂ ಕಳುಹಿಸಿದರೆ ಅದು 'ಪರಿಪೂರ್ಣ ಪಂದ್ಯ'. ಈ ಆಟದಲ್ಲಿ ಅದಕ್ಕಿಂತ ದೊಡ್ಡ ಸಾಧನೆ ಪಿಚರನಿಗೆ ಇಲ್ಲ. ಮೊಮ್ಮಗ ಮಾತು ನಿಲ್ಲಿಸಿದ. ಅಂಥ ಹೊತ್ತಿನಲ್ಲಿ ಅದರ ಹೆಸರನ್ನು ಎತ್ತಬಾರದಂತೆ, ಎತ್ತಿದರೆ ಕೆಡುತ್ತದಂತೆ! ಶುಭಕಾರ್ಯಕ್ಕೆ ಹೊರಟವರನ್ನು 'ಎಲ್ಲಿಗೆ' ಎಂದು ಕೇಳಬಾರದೆನ್ನುವ ನಮ್ಮ ಅಜ್ಜಿಯರು ಅಲ್ಲಿಯೂ ಇದ್ದಾರೆಂದು ತಿಳಿದು ನನಗೆ ನಗು ಬಂದಿತು.

ಎಂಟನೆಯ ಸರದಿಯಲ್ಲಿ ಒಂದು ಎಸೆತ ಗುರಿ ತಪ್ಪಿ ದಾಂಡಿಗನ ಕಾಲಿಗೆ ತಗುಲಿತು. ನಿಯಮದಂತೆ ಅವನಿಗೆ ಮೊದಲ ನೆಲೆ ದೊರೆಯಿತು. ಪರಿಪೂರ್ಣತೆ ಅಲ್ಲಿಗೆ ಒಡೆಯಿತು. ಅಷ್ಟು ಹೊತ್ತು ಜೋಪಾನವಾಗಿ ಹೊತ್ತು ತಂದ ಗಡಿಗೆ ಮನೆಯ ಬಾಗಿಲಲ್ಲಿ ಸೀಳಿದಂತೆ! ಇಂಥ ಕಡೆಯಲ್ಲಿಯೇ ಮನಸ್ಸು ಜಾರುವುದು. ಒಡೆದದ್ದು ಒಡೆಯಿತು, ಇನ್ನೇನಿದ್ದರೇನು ಎಂಬ ಬೇಸರ ಮುಂದಿನ ಎಸೆತವನ್ನೂ ಕೆಡಿಸುತ್ತದೆ. ವುಡ್ ಚೆಂಡನ್ನು ಮತ್ತೆ ಕೈಗೆ ತೆಗೆದುಕೊಂಡ. ಆ ಒಬ್ಬನ ಹೊರತು ಇನ್ನೊಬ್ಬ ನೆಲೆಯನ್ನು ಮುಟ್ಟಲಿಲ್ಲ. 119 ಎಸೆತಗಳು, 19 ಮಂದಿ ದಾಂಡಿಗರು ಬರಿಯ ಎಸೆತಕ್ಕೇ ಔಟು, ಎದುರಾಳಿಗಳಿಗೆ ಒಂದು ಸಫಲ ಹೊಡೆತವೂ ಇಲ್ಲ. ಆರ್ಕನ್ಸಾ 3-0ರಿಂದ ಗೆದ್ದಿತು. ಒಮಾಹದ ಪಂದ್ಯಾವಳಿಯಲ್ಲಿ ಹೀಗೆ ಒಂದು ಹೊಡೆತವನ್ನೂ ಕೊಡದೆ ಗೆದ್ದದ್ದು 1960ರ ಅನಂತರ ಅದೇ ಮೊದಲು. ಒಟ್ಟು ಇತಿಹಾಸದಲ್ಲಿ ಅದು ಮೂರನೆಯದು.

ಮರುದಿನ ಆರ್ಕನ್ಸಾ ಇನ್ನೊಂದು ಪಂದ್ಯವನ್ನು ಗೆದ್ದು, ಜೂನ್ 18ರಂದು ಮತ್ತೆ ಲೂಸಿಯಾನ ಸ್ಟೇಟ್ ತಂಡದ ಎದುರಿಗೆ ನಿಂತಿತು. ಒಂಬತ್ತನೆಯ ಸರದಿಯಲ್ಲಿ ಆರ್ಕನ್ಸಾ 5, ಲೂಸಿಯಾನ 3. ಲೂಸಿಯಾನದ ಇಬ್ಬರು ಔಟು. ಮತ್ತೆ ಅದೇ ಒಂದು ಔಟು! ಎಡಗಡೆಗೆ ಬಿರುಸಾಗಿ ಹೋದ ಹೊಡೆತವೊಂದು ರಕ್ಷಕನ ಅಂದಾಜನ್ನು ತಪ್ಪಿಸಿ ಹಿಂದಕ್ಕೆ ಸಾಗಿತು. ಇಬ್ಬರು ಮನೆ ಮುಟ್ಟಿದರು. ಮುಂದಿನ ದಾಂಡಿಗ ಜೇರೆಡ್ ಜೋನ್ಸನ ಹೊಡೆತ ಎರಡನೆಯ ನೆಲೆಯ ರಕ್ಷಕನ ಕೈಚೀಲದ ತುದಿಯನ್ನು ಸವರಿಕೊಂಡು ಹೋಯಿತು. ಲೂಸಿಯಾನ 6, ಆರ್ಕನ್ಸಾ 5. ಗೆದ್ದವರು ಮುಂದೆ ಆ ವರ್ಷದ ಕಿರೀಟವನ್ನೂ ಪಡೆದರು. ಎರಡು ದಿನಗಳ ಹಿಂದೆ ಆಕಾಶದಲ್ಲಿದ್ದ ಹುಡುಗರು ಅಂಗಳದ ಅಂಚಿನಲ್ಲಿ ತಲೆ ಬಗ್ಗಿಸಿ ಕುಳಿತಿದ್ದರು.

ಮೊಮ್ಮಗ ಒಂದೂ ಮಾತನಾಡದೆ ಮಲಗಲು ಹೋದ. ಮರುದಿನ ಬೆಳಿಗ್ಗೆ ನಾನು ಕಾಫಿ ಹಿಡಿದು ಹಿತ್ತಲಿಗೆ ಬಂದಾಗ ಅವನು ಚೆಂಡನ್ನು ಗೋಡೆಗೆ ಎಸೆದು ಎಸೆದು, ಪುಟಿದು ಬಂದುದನ್ನು ಹಿಡಿಯುತ್ತಿದ್ದ. ಕೈತಪ್ಪಿದಾಗ ಹುಲ್ಲಿನಲ್ಲಿ ಹುಡುಕಿ ತಂದು ಮತ್ತೆ ಎಸೆಯುತ್ತಿದ್ದ. ಸಮಾಧಾನ ಹೇಳಬೇಕೆಂದು ನಾನು ಜೋಡಿಸಿಟ್ಟುಕೊಂಡಿದ್ದ ಮಾತುಗಳ ಅಗತ್ಯ ಅಲ್ಲಿ ಕಾಣಲಿಲ್ಲ. "ತಾತ, ನೀವೂ ಹಿಡೀತೀರಾ?" ಎಂದು ಕೇಳಿದ. ನಾನು ಕಾಫಿಯ ಲೋಟವನ್ನು ಕೆಳಗಿಟ್ಟೆ.

ಈ ನಾಲ್ಕು ಪಂದ್ಯಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ವಿಷಯ ಸ್ಪಷ್ಟವಾಗುತ್ತದೆ. ಚೆಂಡು ಕೈತಪ್ಪಿ ಬೀಳುವುದು ಯಾರ ಬದುಕಿನಲ್ಲಿಯೂ ತಪ್ಪಿದ್ದಲ್ಲ. ಗೇಜ್ ವುಡ್ಡನ ಚೆಂಡೂ ಗುರಿ ತಪ್ಪಿತು. ಆ ಮೂವರ ಚೆಂಡೂ ನೆಲಕ್ಕೆ ಬಿತ್ತು. ಒಂದು ಕಡೆ ಅನಂತರದ ಎಸೆತಗಳು ಕೂಡಿಬಂದವು, ಇನ್ನೊಂದು ಕಡೆ ಕೂಡಿಬರಲಿಲ್ಲ. ಫಲ ಎಂದೂ ಪೂರ್ತಿಯಾಗಿ ನಮ್ಮ ವಶದಲ್ಲಿಲ್ಲ. ನಮ್ಮ ವಶದಲ್ಲಿರುವುದು ಎರಡೇ: ಚೆಂಡು ಬಿದ್ದಾಗ ಮುಂದಿನ ಎಸೆತಕ್ಕೆ ಸಿದ್ಧರಾಗುವುದು ಒಂದು, ಬೀಳಿಸಿದವನು ಬೇರೊಬ್ಬನಾದಾಗ ಅವನ ಹೆಗಲ ಮೇಲೆ ಕೈಯಿಡುವುದು ಇನ್ನೊಂದು. ಇವೆರಡರಲ್ಲಿ ಎರಡನೆಯದು ಹೆಚ್ಚು ಕಠಿನವೆಂದು ನನ್ನ ಅನುಭವ. ತರಗತಿಯಲ್ಲಿ ಉತ್ತರ ತಪ್ಪಿದ ಹುಡುಗನನ್ನು ಕಂಡು ನಗುವುದು ಸುಲಭ. ಅವನ ಪಕ್ಕದಲ್ಲಿ ಕುಳಿತು ಮುಂದಿನ ಲೆಕ್ಕವನ್ನು ಜೊತೆಯಾಗಿ ಮಾಡುವವರು ಕೆಲವರೇ.

2025ರವರೆಗೂ ಆರ್ಕನ್ಸಾದ ಬೇಸ್‌ಬಾಲ್ ತಂಡಕ್ಕೆ ರಾಷ್ಟ್ರದ ಕಿರೀಟ ದೊರೆತಿರಲಿಲ್ಲ. ಆದರೂ ಪ್ರತಿ ವರ್ಷ ಚಳಿ ಇಳಿಯುವ ಹೊತ್ತಿಗೆ ಫೆಯೆಟ್‌ವಿಲ್ಲಿನ ಮೈದಾನ ತುಂಬುತ್ತದೆ. ಮುದುಕರು, ಮಕ್ಕಳು, ಹೊಲದ ಕೆಲಸ ಮುಗಿಸಿ ಬಂದವರು, ಎಲ್ಲರೂ ಕೈಯೆತ್ತಿ ಕಾಡುಹಂದಿಗಳನ್ನು ಕೂಗಿ ಕರೆಯುತ್ತಾರೆ. ಹಳೆಯ ಹುಡುಗರು ಓದು ಮುಗಿಸಿ ಹೋಗಿರುತ್ತಾರೆ. ಹೊಸ ಹುಡುಗರು ಅವರ ಅಂಗಿಗಳನ್ನು ತೊಟ್ಟು ಬಂದು ನಿಲ್ಲುತ್ತಾರೆ. ಫಲಕದ ಮೇಲೆ ಎರಡೂ ಕಡೆಗೆ ಸೊನ್ನೆ ಇರುತ್ತದೆ. ಪಿಚರ್ ಚೆಂಡನ್ನು ಕೈಗೆ ತೆಗೆದುಕೊಳ್ಳುತ್ತಾನೆ.